ಕಾಲು ಹಿಡಿಯುವ ಕೆಲಸ

ಕೆಲಸ ಆಗಬೇಕಾದರೆ ಕತ್ತೆಯ ಕಾಲಾದರೂ ಹಿಡಿ
ಎನ್ನುತ್ತಾರಲ್ಲ,
ನನಗೆ ಅದೇ ಕೆಲಸ.
ಬೆಳಿಗ್ಗೆ ಒಂಬತ್ತಕ್ಕೆ ಕೂತರೆ
ಮಧ್ಯಾಹ್ನದೊಳಗೆ ಹನ್ನೆರಡು ಕಾಲು,
ಅಂದರೆ ಮೂರು ಕತ್ತೆ.
ಒದೆಯುವಂಥದ್ದು ಸಿಕ್ಕಿದರೆ ಒಂದೇ.

ಅರಸೀಕೆರೆ ಗೂಡ್ಸ್ ಶೆಡ್ಡಿನ ಹಿಂದೆ
ಹಳೇ ಜಟಕಾ ಸ್ಟ್ಯಾಂಡಿನ ಜಾಗ.
ತಗಡಿನ ಮಾಡು, ನೀರಿನ ತೊಟ್ಟಿ,
ಗೋಡೆಯ ಮೇಲೆ ದಪ್ಪಕ್ಷರ:
‘ಇಲ್ಲಿ ಕುದುರೆ, ಕತ್ತೆಗಳನ್ನು ದತ್ತು ಕೊಡಲಾಗುವುದು.’
ಕೊಬ್ಬರಿ ಮಂಡಿಗೆ ಹೋಗುವವರು ಓದಿ ನಿಲ್ಲುತ್ತಾರೆ.
‘ಮುಬೀನಕ್ಕ, ನಮ್ಮನೇಲಿ ಆಗಲೇ ಎರಡಿವೆ,
ಎಸೆಸೆಲ್ಸಿ ಓದ್ತಿವೆ.’
ನಾನೂ ನಗುತ್ತೇನೆ. ದಿನಾ ಅದೇ ಜೋಕು.

ಕಾಡುಕುದುರೆ, ಕಾಡುಕುದುರೆ ಎಂದು ಹುಡುಗರು ಕೂಗುತ್ತಾರೆ.
ಎಲ್ಲವೂ ಒಂದು ಕಾಲಕ್ಕೆ ಯಾರದೋ ಮನೆಯವು.
ಇಟ್ಟಿಗೆ ಗೂಡು ಮುಚ್ಚಿದಾಗ ಬಿಟ್ಟಂಥವು,
ಮದುವೆ ಮೆರವಣಿಗೆಗೆ ಜೀಪು ಬಂದಾಗ ಬಿಟ್ಟಂಥವು,
ಹೆದ್ದಾರಿಯಲ್ಲಿ ಲಾರಿ ತಾಗಿ ಸೊಂಟ ಸೊಟ್ಟಗಾದವು.
ಬಾಣಾವರದಾಚೆ ಕಾವಲಿನಲ್ಲಿ ನಾಲ್ಕು ವರ್ಷ ಮೇಯ್ದು
ಮನುಷ್ಯರ ವಾಸನೆಯನ್ನೇ ಮರೆತ ಕುದುರೆಯೊಂದಿದೆ;
ಹಗ್ಗ ಕಂಡರೆ ಅದರ ಚರ್ಮ
ಕೆರೆಯ ಮೇಲೆ ಗಾಳಿ ಹಾದಂತೆ ಅದುರುತ್ತದೆ.
ಅದಕ್ಕೆ ಬೆನ್ನು ಹಾಕಿ ಕೂತು ಕಡಲೇಕಾಯಿ ಸುಲಿಯುತ್ತೇನೆ.
ಇದೂ ಕೆಲಸವೇ. ಸಂಬಳದ ಪುಸ್ತಕದಲ್ಲಿ
ಇದಕ್ಕೆ ಹೆಸರಿಲ್ಲ.

ಕೇಳಿಕೊಂಡು ಬರುವವರೂ ಇದ್ದಾರೆ.
ಮಳೆಗಾಗಿ ಮದುವೆ ಮಾಡಿಸಲು
ಒಂದು ಗಂಡು, ಒಂದು ಹೆಣ್ಣು, ಎರಡೇ ದಿನಕ್ಕೆ ಅಂತ ಒಬ್ಬರು.
ಕೌನ್ಸಿಲರ್ ಫೋಟೊ ಕೊರಳಿಗೆ ಕಟ್ಟಿ ಮೆರೆಸಲು ಇನ್ನೊಬ್ಬರು.
ಹಾಲು ಮಾರುವ ಲೆಕ್ಕ ಹಾಕುತ್ತ
ಕ್ಯಾಲ್ಕುಲೇಟರ್ ಹಿಡಿದೇ ಬಂದ ತಿಪಟೂರಿನ ಹುಡುಗ.
ಕಣಕಟ್ಟೆಯ ಕುರಿಯವರು ಮಾತ್ರ ಮಾತಿಲ್ಲದೆ
ಒಂಟಿಗಣ್ಣಿನದನ್ನೇ ಆರಿಸಿಕೊಂಡು ಹೋದರು.
ಈಗ ಅದರ ಎರಡೂ ಕಡೆಯ ಚೀಲದಲ್ಲಿ
ನಿನ್ನೆ ಹುಟ್ಟಿದ ಮರಿಗಳು ತೂಗುತ್ತವಂತೆ.

ನಾನು ಎಲ್ಲರನ್ನೂ ಕೇಳುವುದು ಮೂರೇ:
ನೆರಳಿದೆಯಾ? ಜೊತೆಗೆ ಇನ್ನೊಂದು ಜೀವ ಇದೆಯಾ?
ಮುದಿಯಾದ ಮೇಲೆ?
ಮೂರನೆಯದಕ್ಕೆ ಹೆಚ್ಚಿನವರು ಗಡಿಯಾರ ನೋಡುತ್ತಾರೆ.

ಮೂರನೆಯದಕ್ಕೆ ನನ್ನಪ್ಪನ ಬಳಿಯೂ ಉತ್ತರವಿರಲಿಲ್ಲ.
ಇದೇ ಸ್ಟ್ಯಾಂಡಿನಲ್ಲಿ ಅವನ ಜಟಕಾ ನಿಲ್ಲುತ್ತಿತ್ತು.
ಆಟೋಗಳು ಬಂದ ವರ್ಷ, ಒಂದು ರಾತ್ರಿ
ಕುದುರೆಯನ್ನು ನಡೆಸಿಕೊಂಡು ಹೋದ,
ಬೆಳಗಿನ ಜಾವ ಲಗಾಮನ್ನಷ್ಟೇ ಹೆಗಲಿಗೆ ಹಾಕಿಕೊಂಡು ಬಂದ.
ಎಲ್ಲಿಗೆ ಅಂತ ನಾವು ಕೇಳಲಿಲ್ಲ.

ಮೊನ್ನೆ ಗುರುವಾರ ಗಂಡಸಿಯಿಂದ ಮಾಚಣ್ಣ ಎಂಬುವವರು ಬಂದರು.
ಬಿಳಿ ಅಂಗಿ, ಬ್ಲೇಡಿನಂಥ ಇಸ್ತ್ರಿ ಗೆರೆ.
ಹಗ್ಗದಾಚೆ ನಿಂತು, ಹದಿನೇಳನೇ ನಂಬರನ್ನು ನೋಡಿ,
ಮೆಲ್ಲಗೆ ‘ಸಾವಂತ್ರೀ’ ಎಂದರು.

ಕತ್ತೆ ತಲೆ ಎತ್ತಲಿಲ್ಲ. ಹುಲ್ಲು ಬಿಡಲಿಲ್ಲ.
ಎಡಗಿವಿ ಮಾತ್ರ ತಿರುಗಿತು.

ಬಿಟ್ಟವರಿಗೆ ಮತ್ತೆ ಕೊಡುವಂತಿಲ್ಲ.
ನಿಯಮ ಬರೆದವಳು ನಾನೇ;
ಡಾಕ್ಟರ್ ದಾಕ್ಷಾಯಿಣಿ ಸಹಿ ಹಾಕಿದ್ದಷ್ಟೇ.
‘ಆಸ್ಪತ್ರೆ ಬಟ್ಟೆ ಒಗೆಯೋ ಗುತ್ತಿಗೆ
ಹಾಸನದ ಮಿಷಿನ್ನಿನವರಿಗೆ ಹೋಯ್ತು’ ಎಂದರು.
‘ಹೊರೆ ಇಲ್ಲದ ಮೇಲೆ ಇದರ ಮುಖ ನೋಡೋಕೆ ಆಗಲಿಲ್ಲ.’
ನಾನು ಅರ್ಜಿಯ ಹಾಳೆ ತಿರುವುತ್ತಿದ್ದೆ.

ಅವರು ಹಗ್ಗದಡಿ ನುಸುಳಿ, ಗೆರೆ ಮುರಿಯುವಂತೆ
ಕುಕ್ಕರಗಾಲಲ್ಲಿ ಕೂತು
ಅಂಗೈ ಚಾಚಿದರು, ಅಷ್ಟೆ.
ನನಗೆ ನಾಲ್ಕು ತಿಂಗಳು, ಎರಡು ಮುರಿದ ಬೆರಳು,
ಒಂದು ಚೀಲ ಬೆಲ್ಲ ಬೇಕಾಗಿದ್ದ ಆ ಹಿಂಗಾಲನ್ನು
ಕೇಳುವ ಮೊದಲೇ ಅದು ಎತ್ತಿ ಕೊಟ್ಟಿತು.

ಅರ್ಜಿಯಲ್ಲಿ ಕಾಲಿಗೆ ಕಾಲಂ ಇಲ್ಲ.
ಕಿವಿಗೂ ಇಲ್ಲ.

‘ಸೋಮವಾರ ಬರ್ತೀನಿ’ ಎಂದು ಬಸ್ಸಿಗೆ ನಡೆದರು.
ಸಹಿ ಹಾಕಿಲ್ಲ. ಹರಿದೂ ಹಾಕಿಲ್ಲ.
ಗೊರಸು ಕೆತ್ತುವ ಚಾಕು ತೊಳೆದು ಒರೆಸಿಟ್ಟೆ.
ರಿಜಿಸ್ಟರಿನಲ್ಲಿ ಹದಿನೇಳರ ಮುಂದೆ
ಪೆನ್ಸಿಲಿನಲ್ಲಿ ಬರೆದೆ: ಸಾವಂತ್ರಿ.

ಇವತ್ತು ಭಾನುವಾರ.
ಮೂರನೇ ಪ್ರಶ್ನೆಯನ್ನು ಅವರಿಗಿನ್ನೂ ಕೇಳಿಲ್ಲ.