ಮೂರನೇ ನಂಬರ್ ಮಷೀನು

ಕರೆಂಟು ಹೋಗಲಿ ಅಂತ ಕಾಯ್ದವರು
ಇಡೀ ಬಳ್ಳಾರಿಯೊಳಗೆ ಆವತ್ತು ನಾವು ಮೂವರೇ ಇರಬೇಕು.

ಕೌಲ್ ಬಜಾರು, ಪಂಪಣ್ಣನ ಜೀನ್ಸ್ ಯೂನಿಟ್ಟು:
ಕೆಳಗೆ ಇಪ್ಪತ್ತೆರಡು ಮಷೀನು, ಮೇಲೆ ಚಿಂದಿ ಕೋಣೆ.
ಗೋಡೆಗೆ ನೀಲಿ ಚಿಂದಿಯ ಮೂಟೆ ಒಟ್ಟಿ
ಕಿಟಕಿಗೆ ಗಾದಿ ಬಡಿದು
ಎರ್ರಿಸ್ವಾಮಿ ಅದಕ್ಕೆ ಸ್ಟುಡಿಯೋ ಅನ್ನುತ್ತಿದ್ದ.
ಮೈಕು ಶಾಮಿಯಾನದ ಅಂಗಡಿಯದು,
ಟೇಪು ಓಡುವುದು ಅದಿರು ಲಾರಿಯ ಬ್ಯಾಟರಿ ಮೇಲೆ.
ರಾತ್ರಿ ಎರಡರಿಂದ ನಾಲ್ಕು ಲೋಡ್ ಶೆಡ್ಡಿಂಗು;
ಮಷೀನು ಸತ್ತಾಗ ಹಾಡು ಹುಟ್ಟಬೇಕು.

ಹಾಡು ಮೊದಲು ಚಂದ್ರನ ಮೇಲಿತ್ತು.
ಮಾಬುನ್ನಿ ನಾಲ್ಕು ಸಲ ಹಾಡಿದಳು,
ನಾಲ್ಕೂ ಸಲ ಚಂದ್ರನ ಹತ್ತಿರ ಆಕಳಿಸಿದಳು.
ಹಗಲೆಲ್ಲಾ ಕಾಜಾ ಹೊಡೆದ ಹುಡುಗಿ,
ನೂರಕ್ಕೆ ಆರು ರೂಪಾಯಿ.
ಬಾಂಬೆಯಿಂದ ಗುಂಡಿಯ ಡಬ್ಬ ಬಂದಿರಲಿಲ್ಲ,
ಎಂಟುನೂರು ಪ್ಯಾಂಟು ಬಾಯಿ ತೆರಕೊಂಡು ಬಿದ್ದಿದ್ದವು.
"ಕಾಜಾ ಆತು, ಗುಂಡಿ ಯಾವೂರಾಗೈತೋ"
ಅಂತ ಪಂಪಣ್ಣನಿಗೆ, ಅವನಿಲ್ಲದಾಗ, ಬೈದಳು.
ಎರ್ರಿಸ್ವಾಮಿಯ ಬೆರಳು ನಿಂತುಬಿಟ್ಟವು.
"ಇನ್ನೊಮ್ಮೆ ಬೈ" ಅಂದ.

ನಾನು ಹುಲುಗಪ್ಪ, ಇಸ್ತ್ರಿಯವನು, ಕೆಳಗೆ ಕಾವಲು.
ಮೂರನೇ ನಂಬರಿನ ಸ್ವಿಚ್ಚು ಆರಿಸುವುದು ಮರೆತಿದ್ದೆ.
ದಿಂಬಿಗೆಂದು ತಂದ ಕಟ್ಟು ಎತ್ತರವಾಯಿತೆಂದು
ಪೆಡಲಿನ ಮೇಲೆ ತಳ್ಳಿ ಮಲಗಿದ್ದೆ.

ಕರೆಂಟು ಇಪ್ಪತ್ತು ನಿಮಿಷ ಮೊದಲೇ ಬಂತು,
ಆ ಬೇಸಿಗೆಯಲ್ಲಿ ಅದೊಂದೇ ಸಲ ನೋಡ್ರಿ.
ಮೇಲೆ ಮಾಬುನ್ನಿ "ಯಾವೂರಾ..." ಅಂತ ಎಳೆಯುತ್ತಿದ್ದಾಗ
ಕೆಳಗೆ ಮಷೀನು ತಾನೇ ಎದ್ದು ಹೊಲಿಯತೊಡಗಿತು.
ಟರ್ರ್ ಟಕ. ಟರ್ರ್ ಟಕ.
ಬೆಲ್ಟು ಸಡಿಲ, ಅದಕ್ಕೇ ಆ ಟಕ.
ಕಣ್ಣು ಕುಕ್ಕುವ ಬೆಳಕಿನಲ್ಲಿ ಸ್ವಿಚ್ಚು ತಡಕಿ
ಆರಿಸುವಷ್ಟರಲ್ಲಿ ಹದಿನಾಲ್ಕು ಸೆಕೆಂಡು.
ಮತ್ತೆ ಹಾಡಿಸೋಣ ಅಂದರೆ
ಲಾರಿಯವನು ಬ್ಯಾಟರಿಗೆ ಬಾಗಿಲು ಬಡಿಯುತ್ತಿದ್ದ.

ಬಾಡಿಗೆಗೆ ದುಡ್ಡಿರಲಿಲ್ಲ, ಅವನಿಗೊಂದು ಕ್ಯಾಸೆಟ್ಟು ಕೊಟ್ಟರು.
ಆ ಲಾರಿಯಿಂದ ಇನ್ನೊಂದಕ್ಕೆ.
ಸಂಡೂರು, ತೋರಣಗಲ್ಲು, ಹೆಸರು ಗೊತ್ತಿಲ್ಲದ ಬಂದರು,
ಕೆಂಪು ಧೂಳು ಹೋದಲ್ಲೆಲ್ಲ.
ಗಂಗಾವತಿಯ ಅಕ್ಕಿ ಗಿರಣಿಯಲ್ಲಿ, ಸಿಂಧನೂರಿನ ಟಂಟಂನಲ್ಲಿ,
ಕಾಲೇಜು ಹುಡುಗರ ಹಲ್ಲಿನ ಸಂದಿಯಲ್ಲಿ ಟರ್ರ್ ಟಕ.
ಕಾಜಾ ಅಂದರೇನೆಂದು ತಿಳಿಯದ ಊರಲ್ಲಿ
"ರಾಜಾ ಆತು" ಅಂತ ಹಾಡಿದರು.
ಅದೂ ನಡೆಯಿತು.

ದೊಡ್ಡ ಕಂಪನಿಯವರು ಹೊಸ ಗಂಟಲು ತಂದು
ಸದ್ದು ತೊಳೆದು ಮಾರಿದರು. ಯಾರೂ ಕೊಳ್ಳಲಿಲ್ಲ.
ಆಮೇಲೆ ಕಂಪ್ಯೂಟರಿನಲ್ಲಿ ಸದ್ದು ಮಾಡಿಸಿದರು,
ಬೆಲ್ಟು ಬಿಗಿಯಾಗಿತ್ತು.

ಟೀವಿಯಲ್ಲಿ ಎರ್ರಿಸ್ವಾಮಿ ಹೇಳಿದ:
"ಮೂರು ತಿಂಗಳು ಮಷೀನಿನ ಮುಂದೆ ಕೂತು ತಾಳ ಕಲಿತೆ."
ಸುಳ್ಳು ಹೇಳುವ ಮನುಷ್ಯನಲ್ಲ.
ಅವನಿಗೆ ಹಂಗೇ ನೆನಪೈತಿ.

ಮಾಬುನ್ನಿಗೆ ಸಿಕ್ಕಿದ್ದು ಮುನ್ನೂರು ರೂಪಾಯಿ,
ಒಂದು ಪ್ಲೇಟು ಒಗ್ಗರಣಿ, ಮಿರ್ಚಿ.
ಹೋದ ತಿಂಗಳು ಆಕೆಯ ತಂಗಿಯ ಮಗಳ ಮದುವೆ,
ಡೀಜೆ ಅದನ್ನೇ ಹಾಕಿದ. ಚಪ್ಪರ ಕುಣಿಯಿತು.
ಹಾಡಿದಾಕೆ ಬಿರಿಯಾನಿ ಬಡಿಸುತ್ತಿದ್ದಳು,
ತನ್ನ ದನಿಗೆ ತಲೆ ಎತ್ತಲಿಲ್ಲ.
ಆ ಹದಿನಾಲ್ಕು ಸೆಕೆಂಡಿಗೆ ಸೌಟು ನಿಂತಿತು.
"ಮೂರನೇ ನಂಬರು" ಅಂದಳು,
"ಕಡೀತನಕ ಬೆಲ್ಟು ಹಾಕಿಸಲಿಲ್ಲ ಆ ಪಂಪಣ್ಣ."

ಪಂಪಣ್ಣ ನನ್ನ ಕೂಲಿಯಲ್ಲಿ ನಲವತ್ತು ಹಿಡಿದಿದ್ದ.
ಸೂಜಿಯ ಕೆಳಗಿದ್ದ ಪ್ಯಾಂಟಿಗೆ
ಎಡಗಾಲು ಬಲಗಾಲು ಕೂಡಿಸಿ ಹೊಲಿಗೆ ಬಿದ್ದಿತ್ತು.
ಅದು ನನ್ನ ಟ್ರಂಕಿನಲ್ಲೈತಿ.
ಚಾದಂಗಡಿಯಲ್ಲಿ ಒಮ್ಮೆ ಹೇಳಿ ನೋಡಿದೆ,
"ಈ ವಾರಕ್ಕೆ ನೀನು ನಾಲ್ಕನೆಯವ" ಅಂತ ನಕ್ಕರು.
ಒಮ್ಮೊಮ್ಮೆ ತೆಗೆದು ಹೊಲಿಗೆ ಮೇಲೆ ಬೆರಳು ಓಡಿಸುತ್ತೇನೆ.
ಟಕ ಅಂದ ಕಡೆಯೆಲ್ಲ ದಾರ ತುಸು ಸಡಿಲ.

"ಬಿಚ್ಚಿದರೆ ಹಾಕ್ಕೋಬಹುದಲ್ಲ" ಅನ್ನುತ್ತಾಳೆ ಹೆಂಡತಿ.
"ಗುಂಡಿ ಇಲ್ಲ" ಅನ್ನುತ್ತೇನೆ.