ಆರರ ಮೇಲೊಂದು

ಸಿಂಧನೂರಿನಲ್ಲಿ ಹತ್ತಿದ ಬಸ್ಸು
ತುಮಕೂರಿನಲ್ಲಿ ನನ್ನನ್ನು ಇಳಿಸಿದಾಗ ಇನ್ನೂ ನಾಲ್ಕೂಮುಕ್ಕಾಲು.
ನಿಲ್ದಾಣದ ನಲ್ಲಿಯಲ್ಲಿ ಮುಖ ತೊಳೆದು, ಅಂಗಿ ಬದಲಿಸಿ,
ಕನ್ನಡಿಯಿಲ್ಲದ ಗೋಡೆ ನೋಡಿಕೊಂಡು ತಲೆ ಬಾಚಿ
'ಚಾ ಕೊಡ್ರಿ' ಅಂದೆ.
'ಟೀ ತಾನೇ?' ಅಂದ ಅಂಗಡಿಯವ.
ಅದೇ ಸೊಪ್ಪು, ಅದೇ ಸಕ್ಕರೆ;
ಹಿರಿಯೂರು ದಾಟಿದೊಡನೆ ಹೆಸರೂ ಅಂಗಿ ಬದಲಿಸುತ್ತದೆ.
ಇದನ್ನೂ ಪ್ರಬಂಧದಲ್ಲಿ ಸೇರಿಸಬಹುದಿತ್ತೇನೋ.

ಬಿ.ಎಚ್. ರಸ್ತೆಯುದ್ದಕ್ಕೂ ಬ್ಯಾನರು:
ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣ.
ಐನೂರು ಕಟ್ಟಿಸಿಕೊಂಡು
ಸೆಣಬಿನ ಚೀಲ, ಒಂದು ಪ್ಯಾಡು, ಬರೆಯದ ಪೆನ್ನು,
ಕೊರಳಿಗೊಂದು ಹೆಸರು ಕೊಟ್ಟರು:
ಶರಣಬಸ್ಸಪ್ಪ.
ಸಕಾರದ ಕಾಲಿಗೆ ಇನ್ನೊಂದು ಸಕಾರ ಜೋತುಬಿದ್ದಿದೆ.
ತಿದ್ದಿಸಲು ಹೋಗಲಿಲ್ಲ.
ರಾತ್ರಿಯಿಡೀ ಬಸ್ಸಿನಲ್ಲೇ ಬಂದವನು, ಸುಳ್ಳೇನಲ್ಲ.

ಹತ್ತಕ್ಕೆ ಹಚ್ಚಬೇಕಾದ ದೀಪ
ಹನ್ನೆರಡಕ್ಕೆ ಹತ್ತಿತು.
ಶಾಲುಗಳು ಹೆಗಲಿಂದ ಹೆಗಲಿಗೆ ಹೋದವು.
ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು.
ಜೋಳದ ರೊಟ್ಟಿ ಮುರಿದು ಬೆಳೆದ ಹಲ್ಲು ನನ್ನದು, ಅಗಿಯತೊಡಗಿದೆ.
ಬಡಿಸುವಾತ ಬಕೆಟ್ಟು ಕೆಳಗಿಟ್ಟು ನಕ್ಕ:
'ಅಗೀಬೇಡಿ ಸಾ, ನುಂಗಿ.'

ನನ್ನ ಸರದಿ ಎರಡೂವರೆಗೆ, ಕೋಣೆ ಹದಿನಾಲ್ಕು.
ಕೇಳಲು ಐದು ಜನ.
ಮೂವರು ತಮ್ಮ ತಮ್ಮ ಪ್ರಬಂಧ ಹಿಡಿದು ಕಾಯುವವರು,
ಒಬ್ಬರು ಅಧ್ಯಕ್ಷರು, ಮುದ್ದೆಯ ಭಾರಕ್ಕೆ ಅರೆಗಣ್ಣು,
ಇನ್ನೊಬ್ಬಳು ಗಂಟೆ ಹಿಡಿದ ಹುಡುಗಿ.
ತಲಾ ಏಳು ನಿಮಿಷ.

ಶೀರ್ಷಿಕೆ: ರಾಶಿ ಅಳೆಯುವ ಮಾತು.
ಉಸಿರು ಬಿಡದೆ ಓದಿದೆ
ಗಿದ್ನ, ಪಾವು, ಸೇರು, ಬಳ್ಳ, ಕೊಳಗ;
ಕಣದಲ್ಲಿ ಮೊದಲ ಅಳತೆಗೆ ಒಂದು ಅನ್ನುವಂತಿಲ್ಲ,
ಲಾಭ ಅನ್ನಬೇಕು;
ಲಾಭ, ಎರಡು, ಮೂರು, ನಾಲ್ಕು,
ಐದು, ಆರು,
ಪುಟ ಮಗುಚಿದೆ.

ಠಣ್.

'ಸಮಯವಾಯಿತು, ಸಾರಾಂಶ ಹೇಳಿಬಿಡಿ.'
ಸಾರಾಂಶ ಇದ್ದದ್ದೇ ಆ ಪುಟದಲ್ಲಿ.
ಪ್ರಶ್ನೆಗಳಿವೆಯೇ? ಫ್ಯಾನು ತಿರುಗಿತು.
ನಾಲ್ಕು ತಿಂಗಳು, ಹನ್ನೊಂದು ಹಳ್ಳಿ,
ಸಭೆ ಒಂದೇ ತುತ್ತಿಗೆ ನುಂಗಿತು, ಅಗಿಯದೆ.

ಪ್ರಯಾಣಭತ್ಯೆ ಅನುದಾನ ಬಂದ ಮೇಲಂತೆ.
ಪ್ರಮಾಣಪತ್ರ ಸುರುಳಿ ಸುತ್ತಿ ಗೇಟಿನ ತನಕ ಬಂದಿದ್ದೆ,
ಹಿಂದಿನಿಂದ ಚಪ್ಪಲಿ ಸದ್ದು.
'ಸರ್, ಗಂಟೆ ಹೊಡೆದದ್ದು ನಾನೇ.
ಆರಾದ ಮೇಲೆ ಏನಿತ್ತು?'

ಹೇಳಿದೆ: ನಮ್ಮ ಆಯಿ ಏಳು ಅನ್ನುತ್ತಿರಲಿಲ್ಲ.
ಏಳು ಅಂದರೆ ರಾಶಿಯೊಳಗೆ ಕೂತ ಲಕ್ಷ್ಮಿ
ಎದ್ದು ಹೋಗುತ್ತಾಳಂತೆ.
ಅದಕ್ಕೇ ಆರರ ಮೇಲೊಂದು, ಆಮೇಲೆ ಎಂಟು.
ನಿನ್ನ ಗಂಟೆ ಏಳು ಅಂದಿತು ನೋಡು, ನಾನು ಎದ್ದೆ.

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.
'ನಮ್ದು ಪಾವಗಡದಿಂದ ಆಚೆ ಸರ್, ಮನೆಮಾತು ತೆಲುಗು.
ಏಳಕ್ಕೆ ಏಡು ಅಂತೀವಿ. ಏಡು ಅಂದ್ರೆ ಅಳು ಅಂತಾನೂ ಆಗುತ್ತೆ.
ನಮ್ಮವ್ವ, ಅಂದ್ರೆ ಅಜ್ಜಿ, ಕಡಲೆಕಾಯಿ ಅಳೆಯುವಾಗ
ಆರುನ್ನೊಕ್ಕಟಿ ಅಂತಾಳೆ.
ಕಾಳಿನ ಮುಂದೆ ಅಳಬಾರದಂತೆ.'

ಒಂದು ಕಣದಲ್ಲಿ ಎದ್ದು ಹೋಗುವ ಭಯ,
ಇನ್ನೊಂದರಲ್ಲಿ ಕಣ್ಣೀರಿನದು.
ಒಬ್ಬರನ್ನೊಬ್ಬರು ಎಂದೂ ಕಾಣದ ಇಬ್ಬರು ಮುದುಕಿಯರು
ಅದೇ ಜಾಗಕ್ಕೆ ಬಂದು ನಾಲಿಗೆ ಕಚ್ಚಿಕೊಂಡಿದ್ದಾರೆ.
ಹನ್ನೊಂದು ಹಳ್ಳಿಯಲ್ಲಿ ನನಗೆ ಸಿಗದ್ದು
ಇಲ್ಲಿ, ಗೇಟಿನ ಹತ್ತಿರ, ಎರಡು ಸ್ಕೂಟರುಗಳ ನಡುವೆ.
ಅಷ್ಟರಲ್ಲಿ ಯಾರೋ ಕರೆದರು, ಓಡಿದಳು.
ಚಹಾದ ಲೋಟ ಎಣಿಸಿ ಒಪ್ಪಿಸಬೇಕಿತ್ತಂತೆ.

ಬಸ್ಸು ಶಿರಾ ದಾಟಿದಾಗ
ಫೋನಿನ ಬೆಳಕಿನಲ್ಲಿ ಪ್ರಮಾಣಪತ್ರ ಬೋರಲು ಹಾಕಿ
ಎಲ್ಲ ಬರೆದುಕೊಂಡೆ.
ಅಡಿಟಿಪ್ಪಣಿಗೆ ಬಂದಾಗ ಪೆನ್ಸಿಲು ನಿಂತಿತು.
ಹೆಸರು ಕೇಳಿರಲಿಲ್ಲ.
ಅವಳ ಕೊರಳಿನಲ್ಲಿದ್ದದ್ದು 'ಸ್ವಯಂಸೇವಕಿ' ಅಂತ, ಅಷ್ಟೆ.

ಈ ಮಗ್ಗುಲಲ್ಲಿ ತಪ್ಪು ಹೆಸರಿನ ನಾನು.
ಆ ಮಗ್ಗುಲಲ್ಲಿ, ಕುಲುಕಾಟಕ್ಕೆ ಸೊಟ್ಟಗಾದ ಅಕ್ಷರ:
ಮಾಹಿತಿ, ಗಂಟೆ ಹೊಡೆದವರು.