ಕಿವಿ

ಒಸಾಕಾದಿಂದ ಬಂದ ಡಬ್ಬಿಗೆ ಸುಂಕ ಕಟ್ಟಿ
ಆ ತಿಂಗಳು ಹಾಲಿನವನಿಗೆ ಸುಳ್ಳು ಹೇಳಿ
ಬಿಚ್ಚಿದೆ: ಗೇಣುದ್ದದ ರಬ್ಬರ್ ಜಟ್ಟಿ,
ನನಗಿಂತ ಎರಡು ವರ್ಷ ಹಿರಿಯ.
ನೀಲಿ ಮುಖವಾಡ. ಎಡ ಬೂಟಿನ ಬಣ್ಣ
ಅಲ್ಲಿಯ ಯಾವುದೋ ಮಗು ಕಚ್ಚಿ ತಿಂದಿದೆ.

ಚೌಕಿಪೇಟೆಯ ನನ್ನ ವಾಚಿನಂಗಡಿಯ ಗಾಜಿನೊಳಗೆ
ಇವನು ಹದಿನಾಲ್ಕನೆಯವನು.

ಬೆಲ್ಟು ಬದಲಿಸಲು ಬಂದ ಗರಡಿಯ ದುರುಗಪ್ಪಜ್ಜ
ತಿರುವಿ ಮುರುವಿ ನೋಡಿದ. ಬೆಲೆ ಕೇಳಲಿಲ್ಲ.
'ತೊಡಿ ಅಡ್ಡಿಯಿಲ್ಲ. ಈ ಬಟ್ಟೆಯೊಳಗೆ
ಕಿವಿ ಅದಾವೇನು?'
ತನ್ನದನ್ನೇ ಮುಂದೆ ಮಾಡಿದ:
ಮಣ್ಣಿಗೆ ಉಜ್ಜಿ ಉಜ್ಜಿ
ಒಣಶುಂಠಿಯಾದ ಕಿವಿ.

ರಾತ್ರಿ ಬಾಗಿಲು ಎಳೆದು
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದೆ.
ಬಲಗಡೆ, ಮುಖವಾಡದಡಿ, ಎಳ್ಳಿನಷ್ಟು ಉಬ್ಬು.
ಅಚ್ಚಿನ ದೋಷವೋ,
ಅಚ್ಚು ಕೊರೆದವನೂ ಒಮ್ಮೆ
ನೆಲ ಕಚ್ಚಿದ್ದನೋ.